ಅಮ್ಮನಿಗೆ ಕಾಣದ ಮನೆ

ನಮ್ಮೂರಿನಲ್ಲಿ ಮನೆ ಮಾರಿದವರಿಗೆ ಆ ಮನೆ ಮತ್ತೆ ಕಾಣುವುದಿಲ್ಲ. ಪತ್ರಕ್ಕೆ ಸಹಿ ಹಾಕಿದರೆಂದರೆ ಮುಗಿಯಿತು. ಆಮೇಲೆ ಎಷ್ಟು ಸಲ ಆ ಬೀದಿಗೆ ಹೋದರೂ ಎಡಗಡೆಯ ಮನೆಯ ಗೋಡೆ ಬಲಗಡೆಯ ಮನೆಯ ಗೋಡೆಗೆ ಅಂಟಿಕೊಂಡೇ ಇರುತ್ತದೆ, ನಡುವೆ ಕೈ ತೂರಿಸುವಷ್ಟೂ ಸಂದಿ ಇರುವುದಿಲ್ಲ. ಆ ಮನೆಯೊಳಗಿರುವವರೂ ಅವರಿಗೆ ಕಾಣುವುದಿಲ್ಲ, ಒಳಗಿನ ಮಾತೂ ಕೇಳುವುದಿಲ್ಲ. ಮನೆಯವರು ಬೀದಿಗಿಳಿದು ಬಂದರೆ ಮಾತ್ರ ಕಾಣುತ್ತಾರೆ. ಸಹಿ ಹಾಕದ ಮಕ್ಕಳುಮರಿಗಳಿಗೆ ಈ ತಾಪತ್ರಯವಿಲ್ಲ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹಳೆಯ ಒಡೆಯರು ಬಂದು ಗೋಡೆ ನೋಡುತ್ತಾ ಪೆಚ್ಚಾಗಿ ನಿಂತರೆ ಒಳಗಿನಿಂದ ಕೂಗಬಾರದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಮಾತಾಡಿಸಬೇಕು ಎನ್ನುವಷ್ಟು ಮರ್ಯಾದೆ ಮಾತ್ರ ಎಲ್ಲರಿಗೂ ಗೊತ್ತು.

ಇಷ್ಟಾದರೂ ನಮ್ಮೂರಲ್ಲಿ ಮನೆಗಿರುವಷ್ಟು ಬೇಡಿಕೆ ಚಿನ್ನಕ್ಕಿಲ್ಲ. ಊರಿನ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಹೊಳೆ. ಬಂಡೆಯ ಮೇಲೆ ಪಾಯ ತೋಡಲಾಗುವುದಿಲ್ಲ, ಹೊಳೆಯ ಮರಳಿನಲ್ಲಿ ತೋಡಿದರೆ ನಿಲ್ಲುವುದಿಲ್ಲ. ಹಾಗಾಗಿ ತಾತನ ಕಾಲದಲ್ಲಿ ಎಷ್ಟು ಮನೆಗಳಿದ್ದವೋ ಈಗಲೂ ಅಷ್ಟೇ. ಜನ ಮಾತ್ರ ತಾತನ ಕಾಲದಷ್ಟಕ್ಕೇ ನಿಲ್ಲಲಿಲ್ಲ. ಒಂದು ಹಜಾರಕ್ಕೆ ಸೀರೆ ಅಡ್ಡ ಕಟ್ಟಿ ಎರಡು ಸಂಸಾರ ಇರುವುದು ನಮ್ಮಲ್ಲಿ ಮಾಮೂಲು. ಯಾರಾದರೂ ಸ್ವಲ್ಪ ಜೋರಾಗಿ ಕೆಮ್ಮಿದರೆ ಸಾಕು, ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು ಗೋಡೆ ತಟ್ಟಿ ನೋಡಿ ಹೋಗುವವರಿದ್ದಾರೆ. ಹುಡುಗ ನೋಡುವಾಗ ಏನು ಓದಿದ್ದಾನೆ, ಏನು ಸಂಬಳ ಎಂದು ಯಾರೂ ಕೇಳುವುದಿಲ್ಲ. ಮನೆ ಇದೆಯಾ ಎಂದು ಕೇಳುತ್ತಾರೆ.

ಈ ಪ್ರಶ್ನೆಯೇ ನಮ್ಮ ಮನೆ ಹಾಳು ಮಾಡಿದ್ದು. ನನ್ನ ಅಮ್ಮ ಇಂದ್ರಮ್ಮ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆ ಅವಳ ಹೆಸರಿಗೇ ಬಂದಿತ್ತು. ಹಿಟ್ಟಿನ ಗಿರಣಿಗೂ ಗಿರಿಜಕ್ಕನ ಮನೆಗೂ ನಡುವಿನ ಮನೆ ನಮ್ಮದು. ಎರಡು ಕೋಣೆ, ಒಂದು ನಡುಮನೆ, ಹಿಂದೆ ಬಚ್ಚಲು, ಒಂದು ಕರಿಬೇವಿನ ಗಿಡ. ಊರಿನ ಅರ್ಧ ಹೆಂಗಸರ ಕೈಗೆ ಬಳೆ ಇಟ್ಟ ಅಮ್ಮನಿಗೆ ನನ್ನ ಕೈಗೆ ಮದುವೆಯ ಬಳೆ ಇಡುವ ಯೋಗ ಕೂಡಿ ಬಂದಿರಲಿಲ್ಲ. ಬಂದ ಗಂಡುಗಳಿಗೆ ಮನೆಯಿಲ್ಲ, ಮನೆಯಿದ್ದ ಗಂಡುಗಳು ಬಾಯಿ ಬಿಟ್ಟು ಕೇಳುವುದನ್ನು ಕೊಡಲು ನಮ್ಮಲ್ಲಿ ಗಂಟಿಲ್ಲ.

ನಾನು ಸುಮ್ಮನಿರಲಾರದೆ ಹೇಳಿದೆ. "ಅಮ್ಮ, ನಮಗೇ ಮನೆ ಇದೆಯಲ್ಲ. ಬರೋನು ಇಲ್ಲೇ ಬಂದು ಇರ್ಲಿ."

"ಮನೆ ಅಳಿಯನಾ?" ಅಮ್ಮ ಬಳೆಯ ಪೆಟ್ಟಿಗೆ ದಡ್ಡನೆ ಕೆಳಗಿಟ್ಟಳು. "ಹೆಂಡ್ತಿ ಮನೇಲಿ ಬಿದ್ದಿರೋನಿಗೆ ನಿನ್ನ ಕೊಡೋ ಗತಿ ನನಗಿನ್ನೂ ಬಂದಿಲ್ಲ ಕಣೇ ಕುಮುದಾ. ನಾಳೆ ನಾಲ್ಕು ಜನ ಏನಂತಾರೆ?"

ಆ ನಾಲ್ಕು ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಿಕ್ಕಿದ್ದರೆ ಅಮ್ಮನ ಪರವಾಗಿ ನಾನೇ ಜಗಳವಾಡಿ ಬರುತ್ತಿದ್ದೆ.

ದಲ್ಲಾಳಿ ನಾಗೇಂದ್ರಯ್ಯ ಅಂಗಡಿಗೆ ಬಂದು ಕೂತು ಅಮ್ಮನ ಕಿವಿ ಊದಿದ್ದು ಅದೇ ದಿನಗಳಲ್ಲಿ. "ಅಮ್ಮಾವ್ರೇ, ಇಂಥಾ ಕಾಲ ಮತ್ತೆ ಬರಲ್ಲ. ಮನೆ ಅಂದ್ರೆ ಜನ ಮುಗಿಬೀಳ್ತಾರೆ. ಈಗ ಕೊಟ್ಟುಬಿಡಿ. ಆ ದುಡ್ಡಲ್ಲಿ ಮನೆಯಿರೋ ಹುಡುಗನ್ನ ತಂದು ಮದುವೆ ಮಾಡಿ. ನಿಮಗೊಂದು ಬಾಡಿಗೆ ಕೋಣೆ ನಾನೇ ನೋಡ್ತೀನಿ. ಮಗಳ ಮನೆ ನಿಮ್ಮ ಮನೆ ಅಲ್ವಾ?" ಅಮ್ಮ ಮೂರು ಸಲ ಇಲ್ಲವೆಂದಳು, ನಾಲ್ಕನೆಯ ಸಲ ಸುಮ್ಮನಾದಳು. ನಾಗೇಂದ್ರಯ್ಯನಿಗೆ ಅಷ್ಟು ಸಾಕಾಯಿತು.

ಮಾರುತ್ತಾರಂತೆ ಎಂಬ ಸುದ್ದಿ ಹಬ್ಬಿದ ಬೆಳಿಗ್ಗೆ ನಾನು ರಂಗೋಲಿ ಹಾಕಲು ಬಾಗಿಲು ತೆರೆದರೆ ಹಾಕಲು ಜಾಗವೇ ಇರಲಿಲ್ಲ. ಬಾಗಿಲಿನಿಂದ ಗಿರಣಿಯ ಆಚೆವರೆಗೂ ಜನ ನಿಂತಿದ್ದರು. ಕೆಲವರು ಹೂವಿನ ಹಾರ ತಂದಿದ್ದರು, ಒಬ್ಬರು ಎಳನೀರಿನ ಗೊನೆಯನ್ನೇ ಹೊತ್ತು ತಂದಿದ್ದರು. ಒಳಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಡುಮನೆಯಲ್ಲಿ ಹೆಂಚು ಸೋರುವ ಕಡೆ ಇಟ್ಟಿದ್ದ ಬೋಗುಣಿ ನೋಡಿ ಒಬ್ಬರು, "ಆಹಾ, ಗಾಳಿ ಬೆಳಕು ಚೆನ್ನಾಗಿದೆ" ಎಂದರು. ಗಿರಣಿಯ ಸದ್ದಿಗೆ ಪಾತ್ರೆಗಳು ನಡುಗುವುದನ್ನು ನೋಡಿ ಇನ್ನೊಬ್ಬರು, "ಮನೇಲಿ ಸದ್ದುಗದ್ದಲ ಇದ್ರೇನೇ ಲಕ್ಷಣ" ಎಂದರು. ಒಬ್ಬ ದೊಡ್ಡ ಮನುಷ್ಯರು ಗೋಡೆಗೆ ಒರಗಿ ಕಣ್ಣು ಮುಚ್ಚಿ, ಇದು ತಮ್ಮ ಹಿಂದಿನ ಜನ್ಮದ ಮನೆಯೆಂದು ಅಳುವುದಕ್ಕೇ ಶುರು ಮಾಡಿದರು. ಅವರನ್ನು ಹೊರಗೆ ಕಳಿಸುವುದಕ್ಕೆ ಗಿರಿಜಕ್ಕ ಬರಬೇಕಾಯಿತು.

ಇವರ ನಡುವೆ ಶಿವರುದ್ರ ಬಂದ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಔಷಧಿ ದಾಸ್ತಾನಿಡುವ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದವನು, ಮೈಯೆಲ್ಲ ಫಿನಾಯಿಲ್ ವಾಸನೆ. ಅವನು ಏನನ್ನೂ ಹೊಗಳಲಿಲ್ಲ. ಹಿತ್ತಲಿಗೆ ಹೋದವನು ತುಂಬಾ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಪಂಚೆ ಎತ್ತಿ ಕಟ್ಟಿ, ಒಂದು ಬಿದಿರುಕಡ್ಡಿ ಹಿಡಿದು ನಮ್ಮ ಬಚ್ಚಲಿನ ಮೋರಿಯಲ್ಲಿ ಕಟ್ಟಿಕೊಂಡಿದ್ದ ಕಸ ತೆಗೆಯುತ್ತಿದ್ದ. "ನೀರು ನಿಂತಿತ್ತು" ಎಂದ, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹೇಳಿದಳು. "ಎಲ್ಲರೂ ಮನೆ ಕೇಳಿದ್ರು. ಮೋರಿ ಕ್ಲೀನ್ ಮಾಡಿದವನು ಇವನೊಬ್ನೇ. ಇವನಿಗೇ ಕೊಡೋದು." ಅವನಿಗಿಂತ ಹೆಚ್ಚು ಕೊಡುವವರಿದ್ದರು. ನಾಗೇಂದ್ರಯ್ಯ ತಲೆ ತಲೆ ಚಚ್ಚಿಕೊಂಡ. ಅಮ್ಮ ಜಗ್ಗಲಿಲ್ಲ. ತನ್ನ ಮನೆ ಒಳ್ಳೆಯವನ ಕೈಗೆ ಹೋಗಬೇಕು ಎಂಬ ಆಸೆ ಅವಳಿಗಿತ್ತು, ಆ ಒಂದು ಆಸೆ ಅವಳು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಕೈಗೂಡಿತು.

ಸಹಿಯ ದಿನ ನಮ್ಮಲ್ಲಿ ಮಾರಿದವರು ಆ ಬೀದಿಯ ಕಡೆ ಹೋಗುವುದಿಲ್ಲ. ಸಾಮಾನನ್ನೆಲ್ಲ ಹಿಂದಿನ ದಿನವೇ ಸಾಗಿಸಿ, ಸಹಿ ಹಾಕಿ ನೇರವಾಗಿ ಹೊಸ ಜಾಗಕ್ಕೆ ಹೋಗಿಬಿಡುತ್ತಾರೆ. ಅಮ್ಮ ಮಾತ್ರ ಕಚೇರಿಯಿಂದ ಹೊರಗೆ ಬಂದವಳೇ, "ಒಂದು ಸಲ ನೋಡ್ಕೊಂಡು ಹೋಗೋಣ ಬಾರೆ" ಎಂದಳು. ಎಲ್ಲರಿಗೂ ಆಗುವುದು ತನಗೆ ಆಗಲಿಕ್ಕಿಲ್ಲ ಎಂಬ ನಂಬಿಕೆ ಎಲ್ಲರಿಗೂ ಒಳಗೊಳಗೇ ಇರುತ್ತದೆ. ಬೀದಿಗೆ ಹೋದೆವು. ನನಗೆ ನಮ್ಮ ನೀಲಿ ಬಾಗಿಲು ಕಾಣುತ್ತಿತ್ತು. ಅಮ್ಮ ಗಿರಣಿಯ ಗೋಡೆ ಮುಟ್ಟಿದಳು, ಹಾಗೇ ಸವರಿಕೊಂಡು ಬಂದು ನಡುವೆ ಒಂದು ಹೆಜ್ಜೆಯೂ ಇಡದೆ ಗಿರಿಜಕ್ಕನ ಗೋಡೆ ಮುಟ್ಟಿದಳು. ಅದು ಹೇಗೆಂದು ನನ್ನನ್ನು ಕೇಳಬೇಡಿ. "ಸರಿ" ಎಂದಳು. ಆಮೇಲೆ ಪೇಟೆಗೆ ಹೋಗಿ ಹುರುಳಿಕಾಯಿ ಕೊಂಡೆವು. ಚೌಕಾಸಿ ಮಾಡದೆ ಅವಳು ತರಕಾರಿ ಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಣ್ಣೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ನಾವು ಗಂಡು ಹುಡುಕಲು ಕೂತೆವು. ಆದರೆ ನಮ್ಮ ಮನೆ ಒಳ್ಳೆಯ ಬೆಲೆಗೆ ಹೋಯಿತೆಂಬ ಸುದ್ದಿಗೇ ಊರಿನ ಉಳಿದ ಮನೆಗಳ ಬೆಲೆ ಏರಿತು. ಮನೆಯ ಬೆಲೆ ಏರಿದ ಹಾಗೆ ಮನೆಯಿರುವ ಗಂಡುಗಳ ಬೆಲೆಯೂ ಏರಿತು. ನವರಾತ್ರಿಯಲ್ಲಿ ನಮ್ಮ ದುಡ್ಡಿಗೆ ಒಪ್ಪಿದ್ದವರು ಸಂಕ್ರಾಂತಿಗೆ ನಮ್ಮ ಮುಖ ಗುರುತಿಲ್ಲದವರಂತೆ ಆಡಿದರು. ಗಿರಾಕಿಗಳಿಗೆ ಬಳೆ ಇಡುವಾಗ ಅಮ್ಮನ ಕೈಯಲ್ಲಿ ಬಳೆ ಒಡೆಯತೊಡಗಿದವು.

ನಾನು ಆಗಾಗ ಹಳೆಯ ಮನೆಗೆ ಹೋಗಿ ಕರಿಬೇವು ತರುತ್ತಿದ್ದೆ. ಶಿವರುದ್ರ ಬೇಡವೆನ್ನುತ್ತಿರಲಿಲ್ಲ. ಮೊದಮೊದಲು ಅವನಿಲ್ಲದ ಹೊತ್ತು ನೋಡಿ ಹೋಗುತ್ತಿದ್ದೆ, ಬರಬರುತ್ತಾ ಅವನಿರುವ ಹೊತ್ತು ನೋಡಿ ಹೋಗತೊಡಗಿದೆ. ಸೋರುವ ಹೆಂಚು ಬದಲಾಯಿಸಿದ್ದ. ಗೋಡೆಯ ಮೇಲೆ ನಾನು ಚಿಕ್ಕವಳಿದ್ದಾಗ ಬರೆದಿದ್ದ ಆನೆಯನ್ನು ಮಾತ್ರ ಬಿಟ್ಟು ಸುತ್ತಲೂ ಸುಣ್ಣ ಬಳಿದಿದ್ದ. ಇತ್ತ ನಮ್ಮ ಬಾಡಿಗೆ ಕೋಣೆಯಲ್ಲಿ ಕರಿಬೇವು ಒಣಗಿ ರಾಶಿ ಬಿದ್ದಿತ್ತು. ಅಮ್ಮ ಅದನ್ನು ನೋಡಿದಳು.

ಕಡೆಗೆ ಒಂದು ದಿನ ನಾಗೇಂದ್ರಯ್ಯ ಹಲ್ಲು ಕಿರಿದುಕೊಂಡು ಬಂದ. "ಅಮ್ಮಾವ್ರೇ, ಸಿಕ್ಕಿದ. ಸ್ವಂತ ಮನೆ, ಸರ್ಕಾರಿ ಕೆಲಸ, ಮೇಲೆ ಅತ್ತೆ ನಾದಿನಿ ಕಾಟ ಇಲ್ಲ. ದುಡ್ಡೂ ಕೇಳ್ತಿಲ್ಲ. ಹಿಟ್ಟಿನ ಗಿರಣಿ ಪಕ್ಕ." ಅಷ್ಟು ಹೇಳಿದ ಮೇಲೆ ಅವನಿಗೇ ಅರ್ಥವಾಗಿ ಬಾಯಿ ಕಟ್ಟಿತು. ಅಮ್ಮ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗ ಅವಳು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಮಗಳ ಮದುವೆಗೆಂದು ಮನೆ ಮಾರಿದ್ದಳೋ ಆ ಮಗಳಿಗೆ ಆ ಮನೆಯೇ ಗಂಡನ ಮನೆಯಾಗಿ ಬಂದಿತ್ತು, ಬೇಡವೆಂದ ಮನೆ ಅಳಿಯ ಮನೆಯ ಯಜಮಾನನೇ ಆಗಿ ಬಂದಿದ್ದ. ಹೊರಗುಳಿದವಳು ಅವಳೊಬ್ಬಳೇ.

"ಬೇಡ ಅಮ್ಮ, ನನಗೆ ಈ ಮದುವೆ ಬೇಡ" ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹೇಳಿದೆ.

"ಹುಚ್ಚಿ" ಎಂದಳು ಅಮ್ಮ. "ಒಳ್ಳೆ ಹುಡುಗ. ಬೀದೀಲಿ ನಿಂತು ಮಾತಾಡಿಸ್ತೀನಿ ಬಿಡು. ಬೀದಿ ನಾನು ಮಾರಿಲ್ಲವಲ್ಲ."

ಮದುವೆಯಾದ ದಿನ ನನ್ನನ್ನು ಮನೆ ತುಂಬಿಸಿಕೊಂಡರು. ನಾನು ಹುಟ್ಟಿ ಬೆಳೆದ ಹೊಸಿಲಿನ ಮೇಲೆಯೇ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದೆ. ನೆಂಟರೆಲ್ಲ ನನ್ನ ಹಿಂದೆ ಬಂದರು. ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ ಅಮ್ಮನಿಗೆ ಅವರೆಲ್ಲ ಒಬ್ಬೊಬ್ಬರಾಗಿ ಗೋಡೆಯಲ್ಲಿ ಕರಗಿದ ಹಾಗೆ ಕಂಡಿರಬೇಕು. ಒಳಗೆ ನಾದಸ್ವರ ನುಡಿಯುತ್ತಿತ್ತು, ಅದೂ ಅವಳಿಗಿಲ್ಲ. ಗಿರಿಜಕ್ಕ ಎರಡು ಎಲೆಗಳಿಗೆ ಊಟ ಬಡಿಸಿಕೊಂಡು ಹೋಗಿ ತನ್ನ ಜಗಲಿಯಲ್ಲಿ ಅಮ್ಮನ ಜೊತೆ ಕೂತು ಉಂಡಳು. ನಾನು ಕಿಟಕಿಯಿಂದ ನೋಡಿದೆ. ಅಮ್ಮ ಹೋಳಿಗೆ ಮುರಿದು, ಹೂರಣ ಸರಿಯಾಗಿ ಬೆಂದಿಲ್ಲವೆಂದು ಹೇಳುತ್ತಿದ್ದಳು. ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ನಾನು ಬಸುರಿಯಾದಾಗ ಈ ಸಂಕಟ ಬೇರೆ ಬಣ್ಣಕ್ಕೆ ತಿರುಗಿತು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಬೇರೆ ಏನು ಕೈತಪ್ಪಿದರೂ ಬಾಣಂತನವೊಂದನ್ನು ತಾನೇ ಮಾಡಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಆದರೆ ಬಾಡಿಗೆ ಕೋಣೆಯ ಮಾಲೀಕರದು ತಲೆ ಲೆಕ್ಕ. ಒಂದು ತಲೆ ಹೆಚ್ಚಾದರೂ ಖಾಲಿ ಮಾಡಬೇಕು, ಹಸುಗೂಸೂ ಒಂದು ತಲೆಯೇ. ಅಮ್ಮ ಬೇರೆ ಕೋಣೆ ಹುಡುಕಿ ಊರೆಲ್ಲ ಅಲೆದಳು. ಬಾಣಂತಿ ಬರುತ್ತಾಳೆಂದ ಕೂಡಲೇ ಬಾಗಿಲು ಹಾಕುತ್ತಿದ್ದರು. ಮನೆ ಮಾರಿದ ದುಡ್ಡು ಹಾಗೇ ಇತ್ತು, ಅದಕ್ಕೆ ಈಗ ಊರಿನಲ್ಲಿ ಒಂದು ಬಚ್ಚಲೂ ಬರುತ್ತಿರಲಿಲ್ಲ.

ಒಂದು ಸಂಜೆ ಶಿವರುದ್ರ ಬೀದಿಗಿಳಿದು ಅಮ್ಮನ ಮುಂದೆ ನಿಂತ. ನಾನೂ ಪಕ್ಕದಲ್ಲಿದ್ದೆ. "ಅತ್ತೆ, ಮನೆ ನಿಮಗೇ ವಾಪಸ್ ಬರ್ಕೊಡ್ತೀನಿ. ಕೊಂಡ್ಕೊಂಡೋರಿಗೆ ಮತ್ತೆ ಕಾಣತ್ತಲ್ಲ."

"ಆಗ ನಿಮಗೆ ಕಾಣಲ್ವಲ್ಲಪ್ಪ."

"ಆಸ್ಪತ್ರೆ ಕೋಣೆ ಇದ್ದೇ ಇದೆ. ನನಗೆ ಅಭ್ಯಾಸ."

"ಬಿಟ್ಟಿ ಕೊಟ್ರೆ?" ಎಂದೆ ನಾನು, ಉತ್ತರ ಗೊತ್ತಿದ್ದೂ. ಬಿಟ್ಟಿ ಕೊಟ್ಟರೂ ಅಷ್ಟೇ, ಯಾರು ಸಹಿ ಹಾಕುತ್ತಾರೋ ಅವರು ಹೊರಗೆ.

ಅಮ್ಮ ಅವನ ಮುಖವನ್ನೇ ನೋಡಿದಳು. ಒಪ್ಪಿಬಿಡುತ್ತಾಳೆಂದು ನನಗೆ ಒಂದು ಗಳಿಗೆ ಅನ್ನಿಸಿತು. ಒಪ್ಪಲಿ ಎಂದು ಒಂದು ಮನಸ್ಸು, ಬೇಡ ಎಂದು ಇನ್ನೊಂದು. ಎರಡಕ್ಕೂ ನಾಚಿಕೆಯಾಯಿತು. ಅಮ್ಮ ಅವನ ಭುಜದ ಮೇಲಿದ್ದ ಏನೋ ಕಸ ತೆಗೆದು ಹಾಕಿದಳು. "ಮಗು ಹುಟ್ಟಿದಾಗ ಅಪ್ಪ ಮನೇಲಿರ್ಬೇಕು. ಒಬ್ಬರು ಹೊರಗಿರ್ಲೇಬೇಕು ಅಂದ್ರೆ ನಾನೇ ಸರಿ. ನನಗೂ ಈಗ ಅಭ್ಯಾಸ ಆಗಿದೆ." ಅಭ್ಯಾಸವಾಗಿರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು.

ಹೆರಿಗೆ ನಮ್ಮ ಮನೆಯಲ್ಲೇ ಆಯಿತು, ಸೂಲಗಿತ್ತಿಯೂ ಗಿರಿಜಕ್ಕನೂ ಇದ್ದರು. ಅಮ್ಮ ಗಿರಿಜಕ್ಕನ ಮನೆಯನ್ನೇ ತವರು ಮಾಡಿಕೊಂಡಳು. ಅಲ್ಲೇ ಹಂಡೆ ಹತ್ತಿಸಿ ನೀರು ಕಾಯಿಸಿದಳು, ಅಲ್ಲೇ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ ಮಾಡಿದಳು. ಗಿರಿಜಕ್ಕ ಬಿಂದಿಗೆ ಬಿಂದಿಗೆ ನೀರು ಹೊತ್ತು ತರುತ್ತಿದ್ದಳು. ನಾನು ಬಾಣಂತಿ, ಹೊಸಿಲು ದಾಟುವಂತಿರಲಿಲ್ಲ. ಕೋಣೆಯ ಕಿಟಕಿಗೂ ಗಿರಿಜಕ್ಕನ ಜಗಲಿಗೂ ಎರಡು ಮಾರು ದೂರ. ಅಮ್ಮ ಅಲ್ಲಿ ಕೂತು ಗಿರಿಜಕ್ಕನನ್ನು ಕೇಳುತ್ತಿದ್ದಳು, "ಎದ್ಲಾ? ತಲೆಗೆ ಬಟ್ಟೆ ಕಟ್ಕೊಂಡಿದಾಳಾ?"

"ಕಟ್ಕೊಂಡಿದೀನಿ ಅಮ್ಮಾ" ಎಂದು ನಾನು ಕಿಟಕಿಯಿಂದ ಹೇಳುತ್ತಿದ್ದೆ.

ಅಮ್ಮ ಗಿರಿಜಕ್ಕನ ಬಾಯನ್ನೇ ನೋಡುತ್ತಾ ಕೂತಿರುತ್ತಿದ್ದಳು. "ಕಟ್ಕೊಂಡಿದಾಳಂತೆ ಇಂದ್ರಾ" ಎಂದು ಗಿರಿಜಕ್ಕ ಹೇಳಿದ ಮೇಲೆ ಅವಳ ಮುಖ ಸಡಿಲವಾಗುತ್ತಿತ್ತು. ಮಗು ಅತ್ತಾಗಲೂ ಹಾಗೆಯೇ. ಕಿಟಕಿಯ ಸರಳಿಗೆ ಮಗುವನ್ನು ಒತ್ತಿ ಹಿಡಿದು ಅಳಿಸಿದ್ದೂ ಉಂಟು ನಾನು, ಅಷ್ಟು ಪುಟ್ಟ ಕೂಸಿನ ಅಳುವಾದರೂ ಹೋದೀತೇನೋ ಎಂದು. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನಗೆ ಆಗ ಮನೆಯ ಮೇಲೂ, ಗಂಡನ ಮೇಲೂ, ಆ ನಾಲ್ಕು ಜನರ ಮೇಲೂ, ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮನ ಮೇಲೂ ಸಿಟ್ಟು ಬಂದು ಗೋಡೆಗೆ ತಿರುಗಿ ಅತ್ತೆ.

ಬಾಣಂತನ ಮುಗಿಸಿ ಮಗುವನ್ನು ಹೊತ್ತು ಬೀದಿಗಿಳಿದ ದಿನ ಅಮ್ಮ ಅದನ್ನು ಇಸಿದುಕೊಂಡು ಎಷ್ಟು ಹೊತ್ತಾದರೂ ಕೊಡಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಸಂಜೆ ಅಂಗಡಿ ಮುಚ್ಚಿ ಬರುತ್ತಾಳೆ, ನಾವು ಬೀದಿಗಿಳಿಯುತ್ತೇವೆ. ನನ್ನ ಮಗಳು ಚಿನ್ನಿಗೆ ಅಜ್ಜಿಯೆಂದರೆ ಬೀದಿಯಲ್ಲಿರುವವಳು. ಮಳೆ ಬಂದರೆ ಕೊಡೆ ಹಿಡಿದು ನಿಲ್ಲುವವಳು. ಅಜ್ಜಿಯ ಕೈ ಹಿಡಿದೇ ಅವಳು ನಡೆಯಲು ಕಲಿತದ್ದು, ಗಿರಣಿಯಿಂದ ಹಿಡಿದು ಗಿರಿಜಕ್ಕನ ಜಗಲಿಯವರೆಗೆ. ನಾವೂ ಹೊಂದಿಕೊಂಡೆವು, ಊರಿನಲ್ಲಿ ಎಲ್ಲರೂ ಹೊಂದಿಕೊಂಡ ಹಾಗೆ. ಕೆಲವು ಸಂಜೆ ಅಮ್ಮನೂ ಹೊಂದಿಕೊಂಡಳೇನೋ ಎಂದು ಅನ್ನಿಸುತ್ತಿತ್ತು.

ಮೊನ್ನೆ ಒಂದು ಸಂಜೆ ಶಿವರುದ್ರ ಚಿನ್ನಿಗೆಂದು ಮರದ ಕುದುರೆ ತಂದಿದ್ದ. ನಡುಮನೆಯಲ್ಲಿ ಅದರ ಮೇಲೆ ಕೂತು ತೂಗಿ ತೂಗಿ ಅವಳಿಗೆ ಸಂಭ್ರಮ ತಡೆಯಲಿಲ್ಲ. ಅಮ್ಮ ಬಂದದ್ದು ಕಂಡದ್ದೇ ಬೀದಿಗೆ ಓಡಿ ಅವಳ ಬೆರಳು ಹಿಡಿದು ಎಳೆಯತೊಡಗಿದಳು. "ಅಜ್ಜಿ ಬಾ. ಕುದುಲೆ. ಒಳಗೆ ಬಾ." ನಾನು ಒಳಗೆ ಒಲೆಯ ಮುಂದಿದ್ದವಳು ಮಾತು ಕೇಳಿ ಬಾಗಿಲಿಗೆ ಬಂದೆ. ತಡೆಯಬೇಕಿತ್ತು, ಬೀದಿಗಿಳಿದು ಮಗುವನ್ನು ಎತ್ತಿಕೊಳ್ಳಬೇಕಿತ್ತು. ಸೌಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅಮ್ಮ ನಗುತ್ತಾ, ಮಗು ಎಳೆದಷ್ಟೂ ಬಗ್ಗಿ ಬಗ್ಗಿ ಬರುತ್ತಿದ್ದಳು. ಚಿನ್ನಿ ಮೆಟ್ಟಿಲು ಹತ್ತಿದಳು. ಅಮ್ಮನ ಬೆರಳು ಏನಕ್ಕೋ ತಗುಲಿದ ಹಾಗೆ ಅಲ್ಲೇ ನಿಂತಿತು, ಬಳೆಗಳು ಕಲ್ಲಿಗೆ ತಾಗಿದ ಸದ್ದಾಯಿತು. ಚಿನ್ನಿಯ ಕೈ ಜಾರಿತು.

ಚಿನ್ನಿ ಹೊಸಿಲಿನ ಮೇಲೆ ನಿಂತು ತಿರುಗಿ ನೋಡಿದಳು. "ಬಾ ಅಜ್ಜಿ" ಎಂದಳು. ಇನ್ನೂ ಜೋರಾಗಿ, "ಅಜ್ಜೀ" ಎಂದಳು. ಅಮ್ಮನಿಗೆ ಅದು ಕೇಳುವ ಹಾಗಿರಲಿಲ್ಲ. ಅವಳು ಬಗ್ಗಿದ್ದವಳು ಹಾಗೇ ಬಗ್ಗಿಕೊಂಡು, ಮಗುವಿನ ಮುಖ ಇರಬಹುದಾದ ಎತ್ತರವನ್ನು ಅಂದಾಜಿನಿಂದ ನೋಡುತ್ತಿದ್ದಳು. ಸ್ವಲ್ಪ ತಪ್ಪಾಗಿ, ಬಾಗಿಲಿನ ಚೌಕಟ್ಟಿನ ಕಡೆಗೆ. ಅವಳ ಕಣ್ಣು ತುಂಬಿತ್ತು. ಆದರೂ ಮುಖದ ತುಂಬ ನಗು ತಂದುಕೊಂಡು ಗೋಡೆಗೆ ಹೇಳಿದಳು, "ನಡಿ ಕಂದ, ನೀನು ಮುಂದೆ ನಡಿ. ನಿನ್ನ ಹಿಂದೇನೇ ಬಂದೆ."

ಚಿನ್ನಿ ಆ ಮಾತು ನಂಬಿದಳು. ಅಜ್ಜಿ ಒಳಗೆ ಬರುವುದಕ್ಕೆ ಜಾಗವಾಗಲೆಂದು ಬಾಗಿಲಿನಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು ನಿಂತಳು.